ಕರಾವಳಿಯಲ್ಲಿ ಎಲೆಕ್ಟ್ರಿಕ್ ಕಾರು: ಶೋರೂಮಿಗೆ ಎಷ್ಟು ಗೊತ್ತು, ಊರಿಗೆ ಎಷ್ಟು ಬಂದಿದೆ

ಮಂಗಳೂರಿನ ಹೆದ್ದಾರಿ ಬದಿಯ ಯಾವುದೇ ಕಾರು ಶೋರೂಮಿಗೆ ಹೋಗಿ ‘ನಿಮ್ಮ ಎಲೆಕ್ಟ್ರಿಕ್ ಕಾರು ಇಲ್ಲಿ ಸಿಗುತ್ತದಾ?’ ಎಂದು ಕೇಳಿದರೆ ‘ಸಿಗ್ತದೆ ಸರ್, ಬುಕ್ ಮಾಡಿದ್ರೆ ಆಯ್ತು’ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಪ್ರಶ್ನೆಯ ಒಂದು ತುಂಡಿಗೆ ಮಾತ್ರ ಅದು ಉತ್ತರ. ಹಣ ಕಟ್ಟಿದರೆ ಕಾರು ಮನೆಯಂಗಳಕ್ಕೆ ಬಂದೀತು. ಆದರೆ ಓಡಿಸಿ ನೋಡಲು ಅದೇ ಮಾದರಿಯ ಕಾರು ಇಲ್ಲಿ ಉಂಟೇ? ಬ್ಯಾಟರಿಯಲ್ಲಿ ದೋಷ ಕಂಡರೆ ಅದನ್ನು ಬಿಚ್ಚಿ ನೋಡಲು ತರಬೇತಿ ಪಡೆದವರು ಇಲ್ಲಿನ ವರ್ಕ್‌ಶಾಪಿನಲ್ಲಿ ಇದ್ದಾರೆಯೇ? ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ನಿಂತುಬಿಟ್ಟರೆ ಎತ್ತಿಕೊಂಡು ಬರುವ ಲಾರಿ ಎಲ್ಲಿಂದ ಬರಬೇಕು? ಇವಕ್ಕೆಲ್ಲ ಉತ್ತರ ಇದ್ದಾಗ ಮಾತ್ರ ಒಂದು ಎಲೆಕ್ಟ್ರಿಕ್ ಕಾರು ದಕ್ಷಿಣ ಕನ್ನಡದಲ್ಲಿ, ಉಡುಪಿಯಲ್ಲಿ ನಿಜವಾಗಿ ಸಿಗುತ್ತದೆ ಎನ್ನಬಹುದು.

ಪೆಟ್ರೋಲ್ ಕಾರಿನ ವಿಚಾರದಲ್ಲಿ ನಾವು ಇಷ್ಟೆಲ್ಲ ಕೇಳುತ್ತಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಬಂಕು ಊರೂರಿಗೂ ಉಂಟು, ಮೆಕ್ಯಾನಿಕ್ ರಸ್ತೆ ರಸ್ತೆಗೂ ಇದ್ದಾನೆ. ಸೇಲ್ಸ್‌ನವರಿಗೆ ಎಂಜಿನ್ನಿನ ಬಗ್ಗೆ ಏನೂ ತಿಳಿಯದಿದ್ದರೂ ನಮಗೆ ನಷ್ಟವಾಗುತ್ತಿರಲಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗಲ್ಲ. ಎದುರು ಕೂತು ಬೆಲೆಪಟ್ಟಿ ತೋರಿಸುವವರ ತಿಳಿವಳಿಕೆಯೇ ಆ ಕಂಪನಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಬೇರುಬಿಟ್ಟಿದೆ ಎಂಬುದಕ್ಕೆ ಒಳ್ಳೆಯ ಅಳತೆ ಎಂಬುದು ನನ್ನ ದೃಢ ಅಭಿಪ್ರಾಯ. ತರಬೇತಿ ಕೊಟ್ಟ ಕಂಪನಿ ಉಪಕರಣವನ್ನೂ ಕೊಟ್ಟಿರುತ್ತದೆ. ಬರೀ ಬ್ರೋಷರ್ ಕಳಿಸಿದ ಕಂಪನಿ ವರ್ಕ್‌ಶಾಪಿಗೂ ಹೆಚ್ಚೇನೂ ಕಳಿಸಿರುವುದಿಲ್ಲ.

ದೊಡ್ಡ ಊರು ಮೊದಲು, ನಮ್ಮೂರು ಆಮೇಲೆ

ಎಲೆಕ್ಟ್ರಿಕ್ ವಾಹನ ದೇಶದ ಎಲ್ಲ ಕಡೆ ಒಂದೇ ದಿನ ಬಂದದ್ದಲ್ಲ. 2019ರ ಜುಲೈಯಲ್ಲಿ ಹುಂಡೈ ಕೋನಾ ಬಿಡುಗಡೆಯಾದಾಗ ಅದನ್ನು ಮಾರಿದ್ದು 11 ನಗರಗಳ 15 ಡೀಲರ್‌ಗಳು ಮಾತ್ರ. 2020ರ ಜನವರಿಯಲ್ಲಿ ಬಂದ ಎಂಜಿ ಝಡ್‌ಎಸ್ ಇವಿ ಮೊದಲಿಗೆ ಐದೇ ನಗರಗಳಿಗೆ ಮೀಸಲಾಗಿತ್ತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ನಮ್ಮದೇ ರಾಜ್ಯದ ಏಥರ್ ಸ್ಕೂಟರ್ 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟ ಶುರು ಮಾಡಿ, ಎರಡನೇ ಊರಾದ ಚೆನ್ನೈಗೆ ಹೋಗಲು ಮತ್ತೊಂದು ವರ್ಷ ತೆಗೆದುಕೊಂಡಿತು. ಮಹೀಂದ್ರ ಎಕ್ಸ್‌ಯುವಿ 400 ಬಂದಾಗ, 2023ರಲ್ಲಿ, ಮೊದಲ ಹಂತದಲ್ಲಿ 34 ನಗರಗಳು. ಅದೇ ಕಂಪನಿಯ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳ ಟೆಸ್ಟ್ ಡ್ರೈವ್ 2025ರ ಜನವರಿಯಲ್ಲಿ ಮಹಾನಗರಗಳಲ್ಲಿ ಶುರುವಾಗಿ, ಹಂತ ಹಂತವಾಗಿ ಕೆಲವೇ ವಾರಗಳಲ್ಲಿ ಉಳಿದ ಊರುಗಳಿಗೆ ಹರಡಿತು. ಅಂದರೆ ಅಂತರ ಕಡಿಮೆಯಾಗುತ್ತಿದೆ. ಪೂರ್ತಿ ಹೋಗಿಲ್ಲ.

ಹೀಗೆ ಹಂತ ಹಂತವಾಗಿ ತರುವುದಕ್ಕೆ ಕಾರಣವಿದೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟ್ ನೇರ ವಿದ್ಯುತ್ ಇರುತ್ತದೆ. ಬಾನೆಟ್ ಎತ್ತಿದರೆ ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಅದರದ್ದು. ಅದನ್ನು ಮುಟ್ಟುವವರಿಗೆ ವಿಶೇಷ ತರಬೇತಿ ಬೇಕು, ವಿದ್ಯುತ್ ನಿರೋಧಕ ಕೈಗವಸು ಮತ್ತು ಹತ್ಯಾರು ಬೇಕು, ಬ್ಯಾಟರಿಯನ್ನು ಕೆಳಗಿನಿಂದ ಇಳಿಸಲು ತಕ್ಕ ಲಿಫ್ಟ್ ಬೇಕು. ಇಷ್ಟಕ್ಕೆ ಡೀಲರ್ ಹಣ ಹಾಕಬೇಕು. ತಿಂಗಳಿಗೆ ನಾಲ್ಕು ಕಾರು ಹೋಗುವಲ್ಲಿ ಹಣ ಹಾಕಲು ಯಾರೇ ಆದರೂ ಹಿಂದೆ ಮುಂದೆ ನೋಡುತ್ತಾರೆ. ಇನ್ನು ಲಿಥಿಯಂ ಬ್ಯಾಟರಿ ಸಾಗಣೆ ನಿಯಮದಲ್ಲಿ ಅಪಾಯಕಾರಿ ಸರಕು. ಕೆಟ್ಟ ಬ್ಯಾಟರಿಯನ್ನು ಯಾವುದೋ ಪಾರ್ಸೆಲ್ ಲಾರಿಯಲ್ಲಿ ಹಾಕಿ ಕಳಿಸುವ ಹಾಗಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಉಡುಪಿ, ಕುಂದಾಪುರ, ಕಾರ್ಕಳ, ಪುತ್ತೂರಿನ ಎಷ್ಟೋ ಶೋರೂಮುಗಳು ಮಂಗಳೂರಿನ ಡೀಲರ್‌ಗಳ ಶಾಖೆಗಳು. ಕಾರು ಮಾರಲು ಅವಕ್ಕೆ ಅಡ್ಡಿಯಿಲ್ಲ, ಸಾಮಾನ್ಯ ಸರ್ವಿಸ್ ಕೂಡ ಆಗುತ್ತದೆ. ಆದರೆ ಹೈ ವೋಲ್ಟೇಜ್ ಕೆಲಸಕ್ಕೆ ಕಾರು ಮಂಗಳೂರಿಗೆ ಹೋಗಬೇಕಾಗಬಹುದು, ಬ್ಯಾಟರಿ ಬಿಚ್ಚುವ ಕೆಲಸಕ್ಕೆ ಬೆಂಗಳೂರಿನ ಹಾದಿ ಕಾಯಬೇಕಾಗಬಹುದು. ಬೈಂದೂರಿನವರು ಕುಂದಾಪುರದಲ್ಲಿ ಕಾರು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದಲ್ಲ: ಬ್ಯಾಟರಿ ಕೆಲಸ ಯಾವ ಊರಿನ ಯಾವ ವರ್ಕ್‌ಶಾಪಿನಲ್ಲಿ ಮಾಡುತ್ತೀರಿ, ಇದುವರೆಗೆ ಅಲ್ಲಿ ಮಾಡಿದ್ದುಂಟೇ?

ಇಲ್ಲಿ ಇಲ್ಲದ ಮಾದರಿಯನ್ನು ಬೆಂಗಳೂರಿನಿಂದ ತರುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ರಾಜ್ಯದೊಳಗಿನ ಯಾವುದೇ ಆರ್‌ಟಿಒದಲ್ಲಿ ನೋಂದಣಿ ಮಾಡಿಸಬಹುದು. ತಾತ್ಕಾಲಿಕ ನೋಂದಣಿಯಲ್ಲಿ ಊರಿಗೆ ತಂದು ಕೆಎ 19 ಅಥವಾ ಕೆಎ 20 ಹಾಕಿಸಿಕೊಂಡವರು ಇದ್ದಾರೆ. ಕಾಸರಗೋಡು ಹತ್ತಿರವೆಂದು ಅಲ್ಲಿಗೆ ಹೋಗುವುದು ಮಾತ್ರ ಬೇರೆ ಲೆಕ್ಕ. ರಾಜ್ಯ ಬದಲಾದರೆ ತೆರಿಗೆಯೂ ಕಾಗದಪತ್ರವೂ ಬದಲಾಗುತ್ತವೆ.

ಅವರಿಗೆ ಗೊತ್ತಿಲ್ಲದಿರುವುದಕ್ಕೆ ಕಾರಣ

ಸೇಲ್ಸ್ ಕೆಲಸದ ಹುಡುಗ ಹುಡುಗಿಯರನ್ನು ದೂರುವುದು ಸುಲಭ, ನ್ಯಾಯವಲ್ಲ. ಒಂದೇ ಶೋರೂಮಿನಲ್ಲಿ ಪೆಟ್ರೋಲ್, ಡೀಸೆಲ್, ಸಿಎನ್‌ಜಿ, ಹೈಬ್ರಿಡ್, ಎಲೆಕ್ಟ್ರಿಕ್ ಎಲ್ಲವನ್ನೂ ಅವರೇ ಮಾರಬೇಕು. ತಿಂಗಳ ಗುರಿ ಕಾರುಗಳ ಸಂಖ್ಯೆಯ ಮೇಲೆ ನಿಂತಿರುತ್ತದೆ. ಎಲೆಕ್ಟ್ರಿಕ್ ಕಾರಿನ ಗಿರಾಕಿ ಮೂರು ಸಲ ಬಂದು ಹತ್ತು ಪ್ರಶ್ನೆ ಕೇಳುತ್ತಾರೆ. ಪೆಟ್ರೋಲ್ ಕಾರಿನ ಗಿರಾಕಿ ಎರಡನೇ ಸಲಕ್ಕೆ ಅಡ್ವಾನ್ಸ್ ಕೊಡುತ್ತಾರೆ. ಅದರ ಮೇಲೆ ಒಳ್ಳೆಯ ತರಬೇತಿ ಪಡೆದವರು ಬೆಂಗಳೂರಿಗೋ ಗಲ್ಫಿಗೋ ಹೋಗಿಬಿಡುತ್ತಾರೆ, ಹೊಸಬರಿಗೆ ಮತ್ತೆ ಮೊದಲಿನಿಂದ ಶುರುವಾಗಬೇಕು.

ಡೀಲರ್‌ನ ಲೆಕ್ಕವೂ ಇದಕ್ಕೆ ಸೇರುತ್ತದೆ. ಕಾರು ಮಾರಿದಾಗ ಉಳಿಯುವ ಲಾಭ ತೆಳ್ಳಗಿನದು. ಡೀಲರ್ ಬದುಕುವುದು ಬಹುಪಾಲು ಸರ್ವಿಸ್, ಬಿಡಿಭಾಗ, ವಿಮೆ, ಸಾಲದ ಕಮಿಷನ್‌ನಿಂದ. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ, ಬ್ರೇಕ್ ಪ್ಯಾಡ್ ಕೂಡ ನಿಧಾನವಾಗಿ ಸವೆಯುತ್ತದೆ. ಗಿರಾಕಿಗೆ ಉಳಿತಾಯವಾಗುವ ಈ ದುಡ್ಡು ಡೀಲರ್‌ಗೆ ಬಾರದ ದುಡ್ಡು. ‘ನಿಮಗೆ ಹೈವೇ ಓಡಾಟ ಜಾಸ್ತಿ ಅಲ್ವಾ, ಪೆಟ್ರೋಲೇ ತಗೊಳ್ಳಿ’ ಎಂಬ ಸಲಹೆ ಕೆಲವೊಮ್ಮೆ ಪ್ರಾಮಾಣಿಕ, ಕೆಲವೊಮ್ಮೆ ಈ ಲೆಕ್ಕದಿಂದ ಹುಟ್ಟಿದ್ದು. ಯಾವುದು ಯಾವುದೆಂದು ತಿಳಿಯಲು ನಿಮಗೆ ಸ್ವಲ್ಪ ವಿಷಯ ಗೊತ್ತಿರಬೇಕು. ಮುಂದಿನದು ಅದಕ್ಕಾಗಿ.

ಡೆಮೊ ಕಾರನ್ನೊಮ್ಮೆ ನೋಡಿ. ಚಾರ್ಜ್ ಇಲ್ಲದೆ ಧೂಳು ಹಿಡಿದು ಹಿಂದೆ ನಿಂತಿದ್ದರೆ ಆ ಶೋರೂಮಿನವರು ಅದನ್ನು ಓಡಿಸಿಲ್ಲ ಎಂದೇ ಅರ್ಥ.

ಒಂದು ಚಾರ್ಜಿಗೆ ಎಷ್ಟು ದೂರ

ಜಾಹೀರಾತಿನಲ್ಲಿ ಕಾಣುವ ರೇಂಜ್ ಪ್ರಯೋಗಾಲಯದಲ್ಲಿ, ಉರುಳುವ ಸಿಲಿಂಡರುಗಳ ಮೇಲೆ ಕಾರು ನಿಲ್ಲಿಸಿ, ಎಸಿ ಹಾಕದೆ ಅಳೆದದ್ದು. ಭಾರತದ ಈ ಪರೀಕ್ಷೆಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ಪೇಟೆಯ ಓಟ, ವೇಗ 50 ಕಿ.ಮೀ. ದಾಟುವುದಿಲ್ಲ. ಎರಡನೆಯದರಲ್ಲಿ ಗರಿಷ್ಠ ವೇಗ 90. ಹಿಂದೆ ಮೊದಲ ಭಾಗದ ಅಂಕಿಯನ್ನೇ ದೊಡ್ಡದಾಗಿ ಬರೆಯುತ್ತಿದ್ದರು, ಈಗ ಎರಡನ್ನೂ ಸೇರಿಸಿ ಹೇಳುತ್ತಾರೆ. ಆದರೂ ರಸ್ತೆಯಲ್ಲಿ ಅಷ್ಟು ಸಿಗುವುದಿಲ್ಲ. ಟಾಟಾ ನೆಕ್ಸಾನ್ ಇವಿಯ 45 ಯೂನಿಟ್ ಬ್ಯಾಟರಿಯ ಮಾದರಿಗೆ ಪರೀಕ್ಷೆಯ ಅಂಕಿ 489 ಕಿ.ಮೀ. ಕಂಪನಿಯೇ ನಿಜ ಬಳಕೆಯಲ್ಲಿ ನಿರೀಕ್ಷಿಸಬಹುದು ಎಂದು ಹೇಳುವುದು 350ರಿಂದ 370. ಎರಡನೆಯ ಅಂಕಿಯನ್ನು ತಾವಾಗಿ ಹೇಳುವ ಸೇಲ್ಸ್‌ನವರು ಸಿಕ್ಕಿದರೆ ಅವರ ಮಾತಿಗೆ ಬೆಲೆ ಕೊಡಿ.

ಬ್ಯಾಟರಿಯ ಅಳತೆಯನ್ನು ಕಿಲೋವ್ಯಾಟ್ ಅವರ್‌ನಲ್ಲಿ ಹೇಳುತ್ತಾರೆ. ಮೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಎಂದರೆ ಅದೇ. ಸಾಧಾರಣ ಗಾತ್ರದ ಕಾರು ಒಂದು ಯೂನಿಟ್‌ಗೆ ಏಳೆಂಟು ಕಿ.ಮೀ. ಓಡುತ್ತದೆ ಎಂದು ತಲೆಯಲ್ಲಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ನೀವೇ ಮಾಡಿಕೊಳ್ಳಬಹುದು. ಮಂಗಳೂರಿನಿಂದ ಉಡುಪಿಗೆ 60 ಕಿ.ಮೀ.ಗೆ ಹತ್ತಿರ. ಹೋಗಿ ಬರಲು 15ರಿಂದ 17 ಯೂನಿಟ್ ಸಾಕು. ಅತಿ ಚಿಕ್ಕ ಬ್ಯಾಟರಿಯ ಟಿಯಾಗೊ ಇವಿಗೂ ಇದು ಸಾಧ್ಯ, ಅದರಲ್ಲಿ 19.2 ಯೂನಿಟ್ ಉಂಟು. ಆದರೆ ದಿನವೂ ಹೆಜಮಾಡಿ, ಸಾಸ್ತಾನದ ಟೋಲ್ ದಾಟಿ ಗಂಟೆಗೆ 90ರಲ್ಲಿ ಹೋಗುವವರಿಗೆ ನಾನು ಆ ಬ್ಯಾಟರಿಯನ್ನು ಸೂಚಿಸಲಾರೆ.

ನಮ್ಮ ಕಡೆಯ ನಿಜವಾದ ಪ್ರಶ್ನೆ ಘಾಟಿ. ಕರಾವಳಿಯವರು ಎಲ್ಲಿಗೆ ಹೋಗುವುದಾದರೂ ಶಿರಾಡಿಯೋ ಚಾರ್ಮಾಡಿಯೋ ಸಂಪಾಜೆಯೋ ಆಗುಂಬೆಯೋ ಬಾಳೆಬರೆಯೋ ಹತ್ತಲೇಬೇಕು, ಉತ್ತರಕ್ಕೂ ದಕ್ಷಿಣಕ್ಕೂ ಹೋಗುವ 66ರ ಹೆದ್ದಾರಿ ಒಂದನ್ನು ಬಿಟ್ಟರೆ. ಶಿರಾಡಿ ಹತ್ತಿದರೆ ಸಿಗುವ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ನಾಲ್ಕು ಜನ, ಸಾಮಾನು ಸೇರಿ 1,900 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿಯನ್ನು ಶಾಲೆಯಲ್ಲಿ ಕಲಿತ ಸೂತ್ರದಿಂದಲೇ ಕಂಡುಹಿಡಿಯಬಹುದು: ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಹತ್ತಿರ ಹತ್ತಿರ 4.7 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೆ ಐದಕ್ಕಿಂತ ಹೆಚ್ಚು. ಅಂದರೆ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ಓಡಬಹುದಾದಷ್ಟು ಶಕ್ತಿ ಬರೀ ಏರಿಗೆ ಹೋಗುತ್ತದೆ. ಮಂಗಳೂರಿನಿಂದ ಸಕಲೇಶಪುರಕ್ಕೆ ಇರುವ 130 ಕಿ.ಮೀ. ಹಾದಿಯನ್ನು 170 ಎಂದು ಎಣಿಸಿ ಹೊರಟರೆ ಆತಂಕ ಇರುವುದಿಲ್ಲ.

ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸು ಬರುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರಾಗಿ ಚಕ್ರವನ್ನು ತಡೆಯುತ್ತ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಇದನ್ನು ಎಲ್ಲ ಶೋರೂಮಿನವರೂ ಹೇಳುತ್ತಾರೆ. ಹೇಳದೆ ಬಿಡುವುದು ಇದನ್ನು: ಬ್ಯಾಟರಿ ತುಂಬಿದ್ದರೆ ಆ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ. ಸಕಲೇಶಪುರದ ಹೋಮ್‌ಸ್ಟೇಯಲ್ಲೋ ಆಗುಂಬೆಯ ಮೇಲೋ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಿಗ್ಗೆ ಶೇ 100 ತುಂಬಿದ ಕಾರಿನಲ್ಲಿ ಇಳಿಯಲು ಶುರು ಮಾಡಿದರೆ ಮೋಟಾರಿನ ತಡೆ ಸರಿಯಾಗಿ ಸಿಗುವುದಿಲ್ಲ, ಇಳಿಜಾರಿನ ಪೂರ್ತಿ ಭಾರ ಮಾಮೂಲಿ ಬ್ರೇಕಿನ ಮೇಲೆ ಬಿದ್ದು ಅದು ಬಿಸಿಯಾಗುತ್ತದೆ. ಮೇಲಿನಿಂದ ಹೊರಡುವಾಗ ಬ್ಯಾಟರಿ ಶೇ 80–85ರಲ್ಲಿ ಇರಲಿ. ಶೋರೂಮಿನಲ್ಲಿ ಕೇಳಲು ನಾನು ಸೂಚಿಸುವ ಒಂದೇ ಪ್ರಶ್ನೆ ಆರಿಸಿ ಎಂದರೆ ಇದನ್ನೇ ಆರಿಸುತ್ತೇನೆ: ‘ಫುಲ್ ಚಾರ್ಜ್ ಮಾಡಿ ಘಾಟಿ ಇಳಿಯಬಹುದಾ?’ ಕಾರನ್ನು ನಿಜವಾಗಿ ಓಡಿಸಿದವರು ಯಾರು, ಬ್ರೋಷರ್ ಓದಿದವರು ಯಾರು ಎಂಬುದು ಆ ಉತ್ತರದಲ್ಲಿ ಗೊತ್ತಾಗುತ್ತದೆ.

ದಾರಿಯ ಫಾಸ್ಟ್ ಚಾರ್ಜರ್ ಬಗ್ಗೆ ಎರಡು ಮಾತು. ಇಂದಿನ ಕಾರುಗಳಿಗೆ ಬೇಕಾದದ್ದು ಸಿಸಿಎಸ್ 2 ಎಂಬ ಗನ್, ಅಂದರೆ ಕಾರಿಗೆ ಚುಚ್ಚುವ ಪ್ಲಗ್. ‘40 ನಿಮಿಷದಲ್ಲಿ ಶೇ 80’ ಎಂಬ ಮಾತು ನಿಜವಾಗಬೇಕಾದರೆ ಚಾರ್ಜರ್ ಕೂಡ ಅಷ್ಟು ಬಲದ್ದಾಗಿರಬೇಕು. 60 ಕಿಲೋವ್ಯಾಟ್ ತಗೊಳ್ಳುವ ಕಾರನ್ನು 30ರ ಚಾರ್ಜರಿಗೆ ಚುಚ್ಚಿದರೆ ಹೊತ್ತು ಇಮ್ಮಡಿ. ಎಲ್ಲ ಕಾರಿಗೂ ಈ ಸೌಲಭ್ಯ ಇರುತ್ತದೆ ಎಂದೂ ತಿಳಿಯಬೇಡಿ. ಎಂಜಿ ಕಾಮೆಟ್‌ಗೆ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ. ಅದು ಮಂಗಳೂರು ಪೇಟೆಯೊಳಗಿನ ಕದ್ರಿ–ಬಿಜೈ–ಹಂಪನಕಟ್ಟೆ ಓಡಾಟಕ್ಕೆ ಚೆಂದದ ಕಾರು, ಧರ್ಮಸ್ಥಳಕ್ಕೆ ಹೋಗಿ ಅಲ್ಲಿಂದ ಹಾಸನಕ್ಕೆ ಹೊರಡುವವರ ಕಾರಲ್ಲ. ಒಂದೊಂದು ಕಂಪನಿಯ ಚಾರ್ಜರಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ಹಣ ತುಂಬಿಡಬೇಕು. ನೆಟ್‌ವರ್ಕ್ ಇಲ್ಲದ ಕಾಡಿನ ನಡುವೆ ಆ್ಯಪ್ ತೆರೆಯುವುದೂ ಕಷ್ಟ, ಹೊರಡುವ ಮೊದಲೇ ಮನೆಯಲ್ಲಿ ಎಲ್ಲ ಸಿದ್ಧ ಮಾಡಿಕೊಳ್ಳಿ.

ಮನೆಯ ಕರೆಂಟು

ಕಾರಿನ ಜತೆ ಬರುವ ಚಾರ್ಜರನ್ನು 15 ಆಂಪಿನ ಪ್ಲಗ್ ಪಾಯಿಂಟಿಗೆ ಹಾಕಬಹುದು ಎನ್ನುತ್ತಾರೆ. ಹೌದು. 3.3 ಕಿಲೋವ್ಯಾಟ್ ಎಂದರೆ 14 ಆಂಪ್ ವಿದ್ಯುತ್ ಹತ್ತು ಹನ್ನೆರಡು ಗಂಟೆ ಎಡೆಬಿಡದೆ ಹರಿಯುತ್ತದೆ. ಗೀಸರ್, ಗ್ರೈಂಡರ್ ಅರ್ಧ ಗಂಟೆ ಓಡಿ ನಿಲ್ಲುತ್ತವೆ, ಆ ಅಂದಾಜಿನಲ್ಲಿ ಹಾಕಿದ ಹಳೆಯ ಪಾಯಿಂಟು ಮತ್ತು ತೆಳು ವಯರು ಇದನ್ನು ತಾಳುವುದಿಲ್ಲ, ಪ್ಲಗ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ವಯರು, ಪ್ರತ್ಯೇಕ ಎಂಸಿಬಿ, ಸೋರಿಕೆ ತಡೆಯುವ ಆರ್‌ಸಿಸಿಬಿ ಹಾಕಿಸುವುದು ಬಿಡಲಾಗದ ಖರ್ಚು. 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಬೇಕಾದರೆ ಮೆಸ್ಕಾಂ ಮಂಜೂರು ಮಾಡಿದ ಲೋಡನ್ನೂ ಏರಿಸಬೇಕು. ನಮ್ಮ ಹಳೆಯ ಮನೆಗಳಲ್ಲಿ ಅದು ಎರಡು ಮೂರು ಕಿಲೋವ್ಯಾಟ್ ಇದ್ದರೆ ಹೆಚ್ಚು. ನಿಮ್ಮ ಬಿಲ್ಲಿನಲ್ಲೇ ಅದು ಮುದ್ರಿತವಾಗಿರುತ್ತದೆ.

ಅರ್ಥಿಂಗ್ ಇನ್ನೊಂದು ತಲೆನೋವು. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದು ಚೆನ್ನಾಗಿರುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಒಣಗಿ ವಿದ್ಯುತ್ತನ್ನು ಭೂಮಿಗೆ ಬಿಡುವುದಿಲ್ಲ. ನವೆಂಬರಿನಲ್ಲಿ ಸರಿಯಿದ್ದ ಚಾರ್ಜರ್ ಬೇಸಗೆಯಲ್ಲಿ ತಕರಾರು ಮಾಡಿದರೆ ಕಾರನ್ನು ದೂರುವ ಮೊದಲು ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದು ನೋಡಿ, ಆಗಲೂ ಆಗದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅಳೆಯಿಸಿ. ಹಳ್ಳಿಯ ಕಡೆ ಅದೇ ತಿಂಗಳುಗಳಲ್ಲಿ ಅಡಿಕೆ ತೋಟದ ಪಂಪುಗಳು ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಚಾರ್ಜಿಂಗ್ ಸಮಯವನ್ನು ನಡುರಾತ್ರಿಗೆ ಹೊಂದಿಸಬೇಕಾಗುತ್ತದೆ. ಮುಂಗಾರಿಗೆ ಮೊದಲು ಮತ್ತು ಅಕ್ಟೋಬರಿನಲ್ಲಿ ಇಲ್ಲಿ ಬರುವ ಸಿಡಿಲಿನ ಬಗ್ಗೆ ಊರಿನವರಿಗೆ ಹೇಳಬೇಕಾಗಿಲ್ಲ. ಗುಡುಗು ಕೇಳಿಸಿದೊಡನೆ ಟಿ.ವಿ. ವಯರು ತೆಗೆಯುವವರು ಕಾರಿನ ವಯರನ್ನೂ ತೆಗೆಯಲಿ, ಬೋರ್ಡಿಗೆ ಸರ್ಜ್ ತಡೆಯುವ ಉಪಕರಣ ಹಾಕಿಸಲಿ. ಇದನ್ನು ಪುಣೆಯಲ್ಲೋ ಗುರುಗ್ರಾಮದಲ್ಲೋ ಬರೆದ ಕೈಪಿಡಿ ಒತ್ತಿ ಹೇಳುವುದಿಲ್ಲ.

ಗೃಹಜ್ಯೋತಿಯ ವಿಷಯವನ್ನು ಶೋರೂಮಿನವರು ತಪ್ಪಾಗಿ ಹೇಳುವ ಸಾಧ್ಯತೆ ಹೆಚ್ಚು. ‘ಕರೆಂಟ್ ಫ್ರೀ ಅಲ್ವಾ ಸರ್’ ಎಂಬ ಮಾತು ಆಕರ್ಷಕ. ಯೋಜನೆಯ ನಿಯಮ ಹಾಗಿಲ್ಲ. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಗದಿಯಾದ ಯೂನಿಟ್ ಮಾತ್ರ ಉಚಿತ. ಅದನ್ನು ಮೀರಿ 200ರ ಒಳಗಿದ್ದರೆ ಹೆಚ್ಚುವರಿಗೆ ಹಣ, 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ. ತಿಂಗಳಿಗೆ 1,000 ಕಿ.ಮೀ. ಓಡುವ ಕಾರು, ಚಾರ್ಜಿಂಗ್ ನಷ್ಟ ಸೇರಿ, 160 ಯೂನಿಟ್‌ನಷ್ಟು ಕುಡಿಯುತ್ತದೆ. ಮನೆಯ ಬಳಕೆ 120 ಇದ್ದರೆ ಒಟ್ಟು 280. 2025ರ ಏಪ್ರಿಲ್‌ನಿಂದ ಜಾರಿಯಾದ ಗೃಹ ಬಳಕೆಯ ದರ ಯೂನಿಟ್‌ಗೆ 5.80 ರೂಪಾಯಿ. ನಿಗದಿತ ಶುಲ್ಕ, ತೆರಿಗೆ ಸೇರಿದಾಗ ಸೊನ್ನೆ ಇದ್ದ ಬಿಲ್ಲು 2,000 ದಾಟುತ್ತದೆ. ಹೆದರಬೇಕಾಗಿಲ್ಲ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಅಷ್ಟೇ ದೂರಕ್ಕೆ, ಲೀಟರಿಗೆ 100 ರೂಪಾಯಿ ಹಿಡಿದರೂ, 6,600ಕ್ಕೂ ಹೆಚ್ಚು ಬೇಕು. ಉಳಿತಾಯ ನಿಜ, ಉಚಿತ ಎಂಬುದು ನಿಜವಲ್ಲ. ವಿದ್ಯುತ್ ವಾಹನ ಚಾರ್ಜಿಂಗ್‌ಗೆ ಕೆಇಆರ್‌ಸಿಯ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ದರಪಟ್ಟಿಯಲ್ಲಿ ಬೇರೆ ವರ್ಗವೇ ಇದೆ. ಅದಕ್ಕಾಗಿ ಪ್ರತ್ಯೇಕ ಮೀಟರ್ ನಿಮ್ಮ ಜಾಗಕ್ಕೆ ಸಿಗುತ್ತದೆಯೇ ಎಂದು ಮೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ.

ಫ್ಲ್ಯಾಟಿನಲ್ಲಿರುವವರು ಕಾರಿಗಿಂತ ಮೊದಲು ಅಸೋಸಿಯೇಷನ್ ಜತೆ ಮಾತಾಡಬೇಕು. ಈಗಿರುವ ಸಂಪರ್ಕದಿಂದಲೇ ಮನೆಯಲ್ಲಿ ವಾಹನ ಚಾರ್ಜ್ ಮಾಡಬಹುದು ಎಂದು ಕೇಂದ್ರ ಇಂಧನ ಸಚಿವಾಲಯ 2022ರ ಮಾರ್ಗಸೂಚಿಯಲ್ಲೇ ಸ್ಪಷ್ಟಪಡಿಸಿದೆ. ಸಭೆಗೆ ಹೋಗುವಾಗ ಅದರ ಪ್ರತಿ ಕೈಯಲ್ಲಿರಲಿ.

ತೆರಿಗೆ, ಸಬ್ಸಿಡಿ, ಬ್ಯಾಟರಿ ಬಾಡಿಗೆ

ಇಲ್ಲಿ ಹಳೆಯ ಮಾಹಿತಿಯೇ ಹೆಚ್ಚು ಓಡಾಡುತ್ತದೆ. ಎಲೆಕ್ಟ್ರಿಕ್ ಕಾರಿನ ಸಾಲದ ಬಡ್ಡಿಗೆ 1.5 ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಕೊಡುತ್ತಿದ್ದ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಂ, 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಇವತ್ತಿನ ಸಾಲಕ್ಕೆ ಅದನ್ನು ತೋರಿಸುವವರು ತಿಳಿದುಕೊಂಡಿಲ್ಲ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರಿಗೆ ಸಬ್ಸಿಡಿ ಇಲ್ಲ. ಶೇ 5ರ ಜಿಎಸ್‌ಟಿ ಮಾತ್ರ 2019ರ ಆಗಸ್ಟಿನಿಂದ ಉಂಟು. ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ಶೇ 15 ರಿಯಾಯಿತಿಗೆ 2022ರಲ್ಲಿ ಆದೇಶವಾಗಿದೆ, ಕೊಟೇಷನ್‌ನಲ್ಲಿ ಅದು ಕಾಣುತ್ತದೆಯೇ ನೋಡಿ. ರಾಜ್ಯದ ರಸ್ತೆ ತೆರಿಗೆ ಹಲವು ವರ್ಷ ಪೂರ್ತಿ ಮನ್ನಾ ಇತ್ತು. 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ 10 ಹಾಕಿದರು. ಇಂಥ ದರ ಬಜೆಟ್ಟಿಗೊಮ್ಮೆ ಬದಲಾಗಬಹುದಾದ್ದರಿಂದ ನೋಂದಣಿಯ ಹೊತ್ತಿನ ದರವನ್ನು ಆರ್‌ಟಿಒದಲ್ಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಬ್ಯಾಟರಿಯನ್ನು ಕೊಳ್ಳದೆ ಬಾಡಿಗೆಗೆ ಪಡೆಯುವ ಪದ್ಧತಿ 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್ ಜತೆ ಜನಪ್ರಿಯವಾಯಿತು. ಆರಂಭದಲ್ಲಿ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ 3.50 ರೂಪಾಯಿ ಎಂದಿತ್ತು. ಕಾರು ಕಡಿಮೆ ಓಡಿದರೂ ಕೊಡಲೇಬೇಕಾದ ಕನಿಷ್ಠ ಮೊತ್ತ ಎಷ್ಟು ಎಂದು ಕೇಳಿ. ಯಜಮಾನರು ದುಬೈಯಲ್ಲಿ, ಮನೆಯಲ್ಲಿ ಅಮ್ಮ ಒಬ್ಬರೇ, ಕಾರು ವರ್ಷದ ಬಹುಪಾಲು ಶೆಡ್ಡಿನಲ್ಲಿ ಎಂಬಂಥ ಕುಟುಂಬಗಳು ನಮ್ಮ ಕಡೆ ಎಷ್ಟೋ. ಅವರಿಗೆ ಈ ಪದ್ಧತಿ ಹೊಂದುವುದಿಲ್ಲ. ಹಾಗೆ ನಿಲ್ಲಿಸಿಡುವ ಕಾರಿನ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿಡಬೇಕು. ಸಣ್ಣ 12 ವೋಲ್ಟ್ ಬ್ಯಾಟರಿಯ ಕಡೆಗೂ ಗಮನ ಬೇಕು. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರವಾಗುವುದಿಲ್ಲ.

ಮಳೆ, ಹೊಂಡ, ವರ್ಕ್‌ಶಾಪು

‘ನೀರಿನಲ್ಲಿ ಹೋದರೆ ಶಾಕ್ ಹೊಡೆಯುತ್ತದಾ?’ ಎಂಬ ಪ್ರಶ್ನೆಗೆ ಉತ್ತರ, ಇಲ್ಲ. ಇಂದಿನ ಬ್ಯಾಟರಿ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಐಪಿ 67 ಮಟ್ಟದ ರಕ್ಷಣೆ ಇರುತ್ತದೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ನೀರು ಒಳಗೆ ಹೋಗಬಾರದು ಎಂಬ ಪರೀಕ್ಷೆ ಅದು. ಆದರೆ ಇದು ಪೆಟ್ಟಿಗೆಯ ಮಾತು, ಕಾರಿನದ್ದಲ್ಲ. ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ಜೋರು ಮಳೆಗೆ ನೀರು ನಿಂತಾಗ ಎಷ್ಟು ಆಳದವರೆಗೆ ಹೋಗಬಹುದು ಎಂಬುದಕ್ಕೆ ಕಂಪನಿ ಮಿಲಿಮೀಟರ್‌ನಲ್ಲಿ ಬೇರೆಯೇ ಅಂಕಿ ಕೊಟ್ಟಿರುತ್ತದೆ, ಅದನ್ನು ಕೇಳಿ. ಪೆಟ್ಟಿಗೆ ಕಾರಿನ ಹೊಟ್ಟೆಯ ಅಡಿಯಲ್ಲಿ ಇರುವುದರಿಂದ ಹೊಂಡ, ಹಂಪು, ಕಲ್ಲು ತಾಗಿದರೆ ಪೆಟ್ಟು ಅದಕ್ಕೇ. ಕೆಳಭಾಗದ ಪೆಟ್ಟು ಮತ್ತು ನೀರಿನ ಹಾನಿ ಎರಡೂ ನಿಮ್ಮ ವಿಮೆಯಲ್ಲಿ ಸೇರಿವೆಯೇ ಎಂಬುದನ್ನು ಸೇಲ್ಸ್‌ನವರಲ್ಲ, ಪಾಲಿಸಿಯ ಕಾಗದ ಹೇಳಬೇಕು.

ಬ್ಯಾಟರಿಯ ಜಾತಿಯನ್ನೂ ತಿಳಿದುಕೊಳ್ಳಿ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಕಾರುಗಳಲ್ಲಿ ಈಗ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಇರುತ್ತದೆ. ಅದು ಬಿಸಿ ತಾಳುತ್ತದೆ, ಬಾಳಿಕೆ ಹೆಚ್ಚು, ಆಗಾಗ ಶೇ 100 ತುಂಬಿಸಬೇಕು. ಇಲ್ಲದಿದ್ದರೆ ಪರದೆಯ ಮೇಲಿನ ಶೇಕಡಾ ಲೆಕ್ಕ ದಾರಿ ತಪ್ಪುತ್ತದೆ. ಇನ್ನೊಂದು ಜಾತಿಯಾದ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಹಗುರ, ಆದರೆ ದಿನನಿತ್ಯ ಶೇ 80ಕ್ಕೆ ನಿಲ್ಲಿಸಿದರೆ ಒಳ್ಳೆಯದು. ‘ಲೈಫ್‌ಟೈಮ್ ವಾರಂಟಿ’ ಎಂದಾಗ ಯಾರ ಲೈಫು, ಎಷ್ಟು ವರ್ಷ ಎಂದು ಕೇಳಿ. ಟಾಟಾದಲ್ಲಿ ಅದಕ್ಕೆ 15 ವರ್ಷ ಎಂದರ್ಥ, ಅದೂ ಮೊದಲ ಮಾಲೀಕರಿಗೆ. ಐದು ವರ್ಷಕ್ಕೆ ಕಾರು ಬದಲಿಸುವ ಅಭ್ಯಾಸದವರಿಗೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದು ದೊಡ್ಡ ವ್ಯತ್ಯಾಸ.

ಕೆಟ್ಟು ನಿಂತ ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯಬಾರದು. ಚಕ್ರ ತಿರುಗಿದರೆ ಮೋಟಾರು ವಿದ್ಯುತ್ ಹುಟ್ಟಿಸುತ್ತದೆ, ಒಳಗಿನ ಇಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ನಾಲ್ಕೂ ಚಕ್ರ ಎತ್ತಿ ಸಾಗಿಸುವ ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಅದು ಘಾಟಿಗಳ ಬುಡದ ಗುಂಡ್ಯಕ್ಕೆ, ಸೋಮೇಶ್ವರಕ್ಕೆ, ಹೊಸಂಗಡಿಗೆ ಎಷ್ಟು ಹೊತ್ತಿನಲ್ಲಿ ಬರುತ್ತದೆ, ಎಷ್ಟು ಕಿ.ಮೀ.ವರೆಗೆ ಪುಕ್ಕಟೆ ಎಂದು ರಸ್ತೆ ನೆರವಿನ ಕಾಗದದಲ್ಲಿ ಓದಿ.

ಶೋರೂಮಿನಲ್ಲಿ ಉತ್ತರ ಸಿಗದ ಪ್ರಶ್ನೆಗಳಿಗೆ ಮಂಗಳೂರಿನ ಎಲೆಕ್ಟ್ರಿಕ್ ಆಟೋ ಚಾಲಕರನ್ನು ಕೇಳಬಹುದು. 2018ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ವಾಹನಗಳಿಗೆ ಪರ್ಮಿಟ್ ಬೇಡವೆಂದ ಮೇಲೆ ಅವು ಪೇಟೆಯಲ್ಲಿ ಹೆಚ್ಚಿವೆ. ದಿನಕ್ಕೆ ಎಂಟು ಹತ್ತು ಗಂಟೆ ಮಳೆಯಲ್ಲಿ ಬಿಸಿಲಲ್ಲಿ ಓಡಿಸುವ ಅವರಿಗೆ ಯಾವ ಕಂಪನಿಯ ಬಿಡಿಭಾಗ ಬೇಗ ಬರುತ್ತದೆ, ಯಾವ ವರ್ಕ್‌ಶಾಪು ಫೋನ್ ಎತ್ತುತ್ತದೆ ಎಂಬುದು ಗೊತ್ತು.

ನೀವು ಮೆಚ್ಚಿದ ಕಾರಿಗೆ ಇಲ್ಲಿ ಬ್ಯಾಟರಿ ಕೆಲಸ ಮಾಡುವವರು ಇಲ್ಲವೆಂದು ಖಚಿತವಾದರೆ, ಮನೆಯಲ್ಲಿ ಇನ್ನೊಂದು ವಾಹನ ಇಲ್ಲದವರು ಸದ್ಯಕ್ಕೆ ಅದನ್ನು ಬಿಟ್ಟು ಇಲ್ಲಿ ನೆಲೆಯೂರಿದ ಕಂಪನಿಯ ಕಾರನ್ನು ಆರಿಸುವುದು ಲೇಸು, ಅದರಲ್ಲಿ ನಾಲ್ಕು ಸೌಲಭ್ಯ ಕಡಿಮೆಯಿದ್ದರೂ ಸರಿ. ಇನ್ನೊಂದು ವಾಹನ ಇರುವವರು, ರಿಪೇರಿಗೆ ಎರಡು ವಾರ ಕಾಯಬಲ್ಲವರು, ಬೇಕಾದರೆ ಕೊಳ್ಳಲಿ. ಇಬ್ಬರೂ ಬುಕ್ಕಿಂಗ್ ಹಣ ಕೊಡುವ ಮೊದಲು ಡೀಲರ್‌ನ ಲೆಟರ್‌ಹೆಡ್‌ನಲ್ಲಿ ಇಷ್ಟನ್ನು ಬರೆಸಿಕೊಳ್ಳಬೇಕು: ಕಾರು ತಯಾರಾದ ತಿಂಗಳು, ಬ್ಯಾಟರಿ ಕೆಲಸ ನಡೆಯುವ ವರ್ಕ್‌ಶಾಪಿನ ಊರು, ಮನೆಯ ಚಾರ್ಜರ್ ಅಳವಡಿಕೆಯಲ್ಲಿ ಎಷ್ಟು ಮೀಟರ್ ವಯರು ಉಚಿತ, ವಾರಂಟಿ ಮುಗಿಯುವುದರೊಳಗೆ ಬ್ಯಾಟರಿ ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ, ಹೇಳಿದ ದಿನಕ್ಕೆ ಕಾರು ಬಾರದಿದ್ದರೆ ಮುಂಗಡ ಎಷ್ಟು ದಿನದಲ್ಲಿ ವಾಪಸು. ಕೆಳಗೆ ಮ್ಯಾನೇಜರರ ಸಹಿ, ಸೀಲು.